ಕೊನೆಯಿಲ್ಲದೆ ಕೊಟ್ಟ ಕಥೆ

ನನ್ನ ಕಥೆ ಕದ್ದವರ ಮನೆಯಲ್ಲಿ ನಾನು ಎಷ್ಟೋ ಭಾನುವಾರ ಉಪ್ಪಿಟ್ಟು ತಿಂದಿದ್ದೇನೆ, ಚಹಾ ಕುಡಿದಿದ್ದೇನೆ. ಬಾಗಲಕೋಟೆಯ ನವನಗರದಲ್ಲಿ ಅವರ ಮನೆ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ನಮಗೆಲ್ಲ ಅವರು ಸರ್. ಊರಿನ ಯಾವ ಸಭೆಯಾದರೂ ವೇದಿಕೆಯ ಮೇಲೆ ಒಂದು ಕುರ್ಚಿ ಅವರಿಗೆ ಇದ್ದೇ ಇರುತ್ತಿತ್ತು. ತಿಂಗಳಿಗೊಂದು ಭಾನುವಾರ ಅವರ ಪಡಸಾಲೆಯಲ್ಲಿ ನಾವು ಕೆಲವರು ಸೇರುತ್ತಿದ್ದೆವು. ಪತ್ತೇದಾರಿ ಕಥೆಗಳನ್ನು ಓದುವುದು, ಅವುಗಳ ಮೇಲೆ ಜಗಳವಾಡುವುದು, ಇಷ್ಟೇ ನಮ್ಮ ಕೂಟದ ಕೆಲಸ. ಒಬ್ಬರು ಬ್ಯಾಂಕಿನವರು, ಇಬ್ಬರು ಮಾಸ್ತರರು, ಒಬ್ಬ ಔಷಧದ ಅಂಗಡಿಯವನು, ಮತ್ತೆ ನಾನು. ನಾನು ಇಳಕಲ್ಲಿನವಳು, ಹುನಗುಂದದ ಕಡೆಯ ಒಂದು ಸಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಅಷ್ಟು ದೂರ ಬಾಗಲಕೋಟೆಗೆ ಹೋಗುವುದನ್ನು ನೋಡಿ ನನ್ನ ಯಜಮಾನರು, ಗುಡಿಗೆ ಹೋದರೆ ಪುಣ್ಯವಾದರೂ ಬರುತ್ತಿತ್ತು ಎಂದು ನಗುತ್ತಿದ್ದರು.

ಈ ಹುಚ್ಚು ನನಗೆ ಹತ್ತಿದ್ದು ಅವ್ವನಿಂದ. ನಾನು ಸಣ್ಣವಳಿದ್ದಾಗ ಅವ್ವ ನೇಕಾರರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ರಾಟಿಯ ಮುಂದೆ ಕೂತರೆ ಕೈಗೆ ಕೆಲಸ, ಕಿವಿಗೆ ಬಿಡುವು. ರದ್ದಿ ಅಂಗಡಿಯಿಂದ ತಂದ ಹಳೆಯ ಮಾಸಪತ್ರಿಕೆಗಳಲ್ಲಿನ ಪತ್ತೇದಾರಿ ಕಥೆಗಳನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಕೊನೆಗೆ ಇನ್ನೊಂದು ಪುಟ ಇದೆ ಅನ್ನುವಾಗ ಅವ್ವ ರಾಟಿ ನಿಲ್ಲಿಸಿ, ‘ತಡಿ, ಯಾರಂತ ನಾ ಹೇಳ್ತೇನಿ’ ಅನ್ನುತ್ತಿದ್ದಳು. ಹೇಳಿದ್ದು ಸರಿಯಾದರೆ ಆ ದಿನವೆಲ್ಲ ಖುಷಿ. ತಪ್ಪಿದರೆ ಮತ್ತೆ ಮೊದಲಿನಿಂದ ಓದಿಸಿ, ಎಲ್ಲಿ ಮೋಸಹೋದೆ ಎಂದು ಹುಡುಕುತ್ತಿದ್ದಳು. ಸುಳಿವನ್ನು ಬಚ್ಚಿಟ್ಟು ಕೊನೆಗೆ ಎಲ್ಲಿಂದಲೋ ಒಬ್ಬ ಕೊಲೆಗಾರನನ್ನು ತಂದು ನಿಲ್ಲಿಸಿದ ಲೇಖಕರಿಗೆ ಅವ್ವ ಕೊಡುತ್ತಿದ್ದ ಬೈಗುಳಗಳನ್ನು ಇಲ್ಲಿ ಬರೆಯಲಾರೆ.

ಆ ಹಳೆಯ ಕಥೆಗಳ ಪತ್ತೇದಾರ ನನಗೆ ಇವತ್ತಿಗೂ ಇಷ್ಟ. ಅವನು ಸರಕಾರದವನಲ್ಲ. ಬಾಗಿಲು ಬಡಿದರೆ ತೆಗೆಯಲೇಬೇಕು ಎಂಬ ಕಾಯಿದೆ ಅವನ ಹಿಂದೆ ಇಲ್ಲ. ನೋಡುವುದು, ಕೇಳುವುದು, ನೆನಪಿಟ್ಟುಕೊಳ್ಳುವುದು, ಅಷ್ಟೇ ಅವನ ಬಲ. ಅವನ ಕಥೆಗಳಲ್ಲಿ ಕೊನೆಗೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸುತ್ತಾರೆ, ತಪ್ಪು ಮಾಡಿದವನ ಮುಖದ ಬಣ್ಣ ಎಲ್ಲರ ಎದುರಿಗೇ ಇಳಿಯುತ್ತದೆ. ಈಗಿನ ಕಥೆಗಳು ಬೇರೆ. ಈಗಿನ ಪತ್ತೇದಾರಳಿಗೆ ಮನೆ ಬಾಡಿಗೆಯ ಚಿಂತೆ. ಯಾರದೋ ಗಂಡನ ಬೆನ್ನು ಹತ್ತಿ ಲಾಡ್ಜಿನ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಾಳೆ, ಪೆಟ್ರೋಲ್ ಬಂಕಿನ ಕ್ಯಾಮೆರಾ ನೋಡುತ್ತಾಳೆ, ತಪ್ಪು ಯಾರದೆಂದು ತಿಳಿದ ಮೇಲೂ ಏನೂ ಮಾಡಲಾಗದೆ ಮನೆಗೆ ಹೋಗುತ್ತಾಳೆ. ಅವೂ ನನಗೆ ಇಷ್ಟವೇ. ಆದರೆ ಅಂಥದೊಂದು ಕಥೆ ಓದಿ ಹೇಳಿದಾಗ ಅವ್ವ, ಕಳ್ಳ ಸಿಕ್ಕೂ ಬಿಡುವುದಾದರೆ ಇಷ್ಟು ಹೊತ್ತು ಯಾಕೆ ಓದಿದೆ ಎಂದು ನನ್ನ ಮೇಲೇ ಸಿಟ್ಟಾಗಿದ್ದಳು.

ಕೂಟದಲ್ಲಿ ನಮ್ಮ ಜಗಳವೂ ಇದೇ. ಸರ್ ಹಳೆಯ ಕಥೆಗಳ ಪಕ್ಷ. ಹೊಸ ಕಥೆಗಳಲ್ಲಿ ಬುದ್ಧಿಗೆ ಕೆಲಸವಿಲ್ಲ, ಬರೀ ಅಳು ಎನ್ನುತ್ತಿದ್ದರು. ಹಳೆಯದಾಗಲಿ ಹೊಸದಾಗಲಿ ಲೇಖಕ ಓದುಗನಿಗೆ ಮೋಸ ಮಾಡಬಾರದು, ಸುಳಿವು ಕಣ್ಣ ಮುಂದೇ ಇರಬೇಕು, ಇದ್ದೂ ಕಾಣಬಾರದು ಎಂದು ನಾನು ಒಮ್ಮೆ ಹೇಳಿದೆ. ಭಾಳ ಚಲೋ ಹೇಳಿದಿ ತಂಗಿ ಎಂದರು. ಅವರು ನನ್ನನ್ನು ಮೊದಲಿನಿಂದಲೂ ತಂಗಿ ಎಂದೇ ಕರೆಯುತ್ತಿದ್ದರು. ಅವರ ಹೆಂಡತಿ ಚಹಾದ ತಾಟು ಇಟ್ಟು, ಅಡುಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು ಕೇಳಿ ಒಳಗೆ ಹೋಗುತ್ತಿದ್ದರು.

ಆ ಧೈರ್ಯದಲ್ಲಿ ನಾನೂ ಒಂದು ಕಥೆ ಬರೆದೆ. ಇಳಕಲ್ಲಿನಲ್ಲಿ ಖಾನಾವಳಿ ನಡೆಸುವ ನಡುವಯಸ್ಸಿನ ಹೆಂಗಸು ನನ್ನ ಪತ್ತೇದಾರಳು. ಊಟಕ್ಕೆ ಬಂದವರ ಮಾತು ಅವಳ ಕಿವಿಗೆ ಬೀಳುತ್ತದೆ, ಕಷ್ಟವಿದ್ದವರು ಅವಳ ಹತ್ತಿರ ಬರುತ್ತಾರೆ. ಒಂದು ಮನೆಯಲ್ಲಿ ಕೊರಳಿನ ಬಂಗಾರದ ಬೋರಮಾಳ ಕಳೆದು, ಕಿರಿಯ ಸೊಸೆಯ ಮೇಲೆ ಅಪವಾದ ಬಂದಿರುತ್ತದೆ. ಮಧ್ಯಾಹ್ನವೆಲ್ಲ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ ಎಂದು ಹಿರಿಯ ಸೊಸೆ ಹೇಳಿರುತ್ತಾಳೆ. ಖಾನಾವಳಿಯವಳು ಅದೇ ಸಂಜೆ ಆ ಮನೆಯ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಮುರಿಯುತ್ತಾಳೆ. ಅದು ಹಪ್ಪಳದಂತೆ ಮುರಿಯುತ್ತದೆ, ಕಟಕ ರೊಟ್ಟಿ, ಎಂದೋ ಮಾಡಿಟ್ಟದ್ದು. ಆ ಮಧ್ಯಾಹ್ನ ಒಲೆಯೇ ಹೊತ್ತಿಲ್ಲ.

ಉದ್ದ ಹಾಳೆಗಳಲ್ಲಿ ಚಂದ ಮಾಡಿ ಬರೆದು ಸರ್ ಕೈಗೆ ಕೊಟ್ಟೆ. ಓದಿ, ಇನ್ನೂ ಹಸಿ ಐತಿ, ನನ್ನ ಹತ್ತಿರ ಇರಲಿ, ತಿದ್ದಿ ಕೊಡುತ್ತೇನೆ ಎಂದರು. ನಾನು ಕಾದೆ. ಕೇಳುವುದಕ್ಕೆ ಸಂಕೋಚ. ಒಂದು ದಿನ ಸಾಲೆ ಬಿಟ್ಟು ಬರುವಾಗ ಹುನಗುಂದ ಬಸ್ ನಿಲ್ದಾಣದ ಪುಸ್ತಕದ ಅಂಗಡಿಯಲ್ಲಿ ಒಂದು ವಿಶೇಷಾಂಕ ತೂಗುಬಿದ್ದಿತ್ತು. ಮುಖಪುಟದ ಮೇಲೆ ಸರ್ ಹೆಸರು ಇತ್ತು. ಖುಷಿಯಿಂದಲೇ ಕೊಂಡೆ. ಬಸ್ಸಿನಲ್ಲಿ ನಿಂತುಕೊಂಡು ತೆರೆದರೆ ನನ್ನ ಬೋರಮಾಳ, ನನ್ನ ಕಿರಿಯ ಸೊಸೆ, ನನ್ನ ಬುಟ್ಟಿ. ಖಾನಾವಳಿಯವಳ ಜಾಗದಲ್ಲಿ ಒಬ್ಬ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರು ಬಂದಿದ್ದ. ಜನ್ಮದಲ್ಲಿ ಒಲೆಯ ಮುಂದೆ ಕೂತಿರದ ಆ ಮನುಷ್ಯ, ಮೀಸೆ ತಿರುವುತ್ತ ರೊಟ್ಟಿ ಮುರಿದು ಸತ್ಯ ಕಂಡುಹಿಡಿದಿದ್ದ. ಉಳಿದದ್ದೆಲ್ಲ ನನ್ನ ಮಾತೇ, ನನ್ನ ಅಲ್ಪವಿರಾಮವೂ ಸಹ.

ಮುಂದಿನ ಭಾನುವಾರ ಕೂಟ ಇರಲಿಲ್ಲ. ಆದರೂ ಹೋದೆ. ಸರ್ ಒಬ್ಬರೇ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ವಿಶೇಷಾಂಕವನ್ನು ಅವರ ಮುಂದೆ ಇಟ್ಟು, ಇದು ನನ್ನ ಕಥೆಯಲ್ಲವೇ ಎಂದು ಕೇಳಿದೆ. ನಾಚಿಕೆಪಡುತ್ತಾರೆ, ಏನಾದರೂ ನೆಪ ಹೇಳುತ್ತಾರೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಪೇಪರನ್ನು ಪಕ್ಕಕ್ಕಿಟ್ಟು, ಸಾಲೆಯ ಹುಡುಗಿಗೆ ಹೇಳುವಂತೆ ಹೇಳಿದರು.

‘ಕಥಿ ಅಂದ್ರ ಹಿಟ್ಟಿದ್ದಂಗ, ತಂಗಿ. ಹಿಟ್ಟು ಎಲ್ಲಾರ ಮನಿಯೊಳಗೂ ಇರ್ತೈತಿ. ರೊಟ್ಟಿ ಬಡಿದವರದು ರೊಟ್ಟಿ.’

ಕೂಟದವರ ಮುಂದೆ ಹೇಳುತ್ತೇನೆ ಎಂದೆ. ಹೇಳು ಎಂದರು. ಅಚ್ಚಾದ ಮೇಲೆ ನೋಡಿ ನಕಲು ಮಾಡಿಕೊಂಡಳು ಅಂತಾರೆ, ನಿನ್ನ ಮರ್ಯಾದೆಗೇ ಕಡಿಮೆ ಎಂದರು. ಆಮೇಲೆ ಒಳಗಿನವರಿಗೆ ಕೂಗಿ, ತಂಗಿಗೆ ಚಹಾ ತಾ ಎಂದರು. ಆ ಚಹಾ ಕುಡಿಯದೆ ಎದ್ದು ಬಂದೆ.

ಮನೆಯಲ್ಲಿ ಹೇಳಿದೆ. ಯಜಮಾನರು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಶಾಂತ ಮನುಷ್ಯ. ಇನ್ನೊಂದು ಬರಿ, ಅವರ ಸಹವಾಸ ಬಿಡು ಎಂದರು. ಅವ್ವ ಗೋಡೆಗೆ ಆನಿಕೊಂಡು ಕೂತಿದ್ದಳು. ಈಗ ಅವಳ ಕೈಗೆ ರಾಟಿ ತಿರುಗಿಸುವ ಶಕ್ತಿಯಿಲ್ಲ.

‘ಕಥಿಯೊಳಗಿನ ಕಳ್ಳನ್ನ ಬಿಟ್ರ ನನಗ ನಿದ್ದಿ ಬರೂದಿಲ್ಲ’ ಎಂದಳು. ‘ಮನಿಗೆ ಬಂದ ಕಳ್ಳನ್ನ ಬಿಡು ಅಂತೀರೇನು?’

ಬಿಡುವ ಮನಸ್ಸು ನನಗೂ ಇರಲಿಲ್ಲ. ನನ್ನ ಸಿಟ್ಟು ಉರಿಯುವ ಜಾತಿಯದಲ್ಲ, ಹೆಪ್ಪುಗಟ್ಟುವ ಜಾತಿಯದು. ತರಗತಿಯಲ್ಲಿ ಮಸೂರದ ಪಾಠ ಹೇಳುತ್ತಿರುವಾಗ, ಬಸ್ಸಿನಲ್ಲಿ ಟಿಕೆಟ್ಟಿಗೆ ಕೈ ಚಾಚುವಾಗ, ಅವರ ಆ ಹಿಟ್ಟಿನ ಮಾತು ನೆನಪಾಗುತ್ತಿತ್ತು. ಅವರು ನನ್ನನ್ನು ಹೆದರಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ಚಹಾ ತರಿಸಿದ್ದೇ ನನಗೆ ನುಂಗಲಾಗಲಿಲ್ಲ. ಈ ಮನುಷ್ಯ ಎಲ್ಲರ ಎದುರು ಬಾಯಿ ಕಟ್ಟಿ ನಿಲ್ಲಬೇಕು ಎಂದು ತೀರ್ಮಾನಿಸಿದೆ. ಹೇಗೆ ಎಂಬುದನ್ನು ನನಗೆ ಕಲಿಸಿದ್ದು ನಾನು ಓದಿದ ಕಥೆಗಳೇ. ತಪ್ಪಿತಸ್ಥ ಸಿಕ್ಕಿಬೀಳುವುದು ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವಾಗ.

ಎರಡು ತಿಂಗಳು ಬಿಟ್ಟು ಕೂಟಕ್ಕೆ ಹೋದೆ. ಎಲ್ಲರೂ ಎದ್ದುಹೋಗುವವರೆಗೆ ಕೂತಿದ್ದು, ಅವತ್ತು ನಾನು ದುಡುಕಿದೆ, ನೀವು ಹೇಳಿದ್ದು ಸರಿ ಎಂದೆ. ಹಾಗೆ ಹೇಳುವಾಗ ನಾಲಿಗೆಗೆ ಬೇವು ಸವರಿದಂತಾಯಿತು. ಸರ್ ಮಾತ್ರ ಅರಳಿದರು. ತಮ್ಮ ಇನ್ಸ್‌ಪೆಕ್ಟರನ ಕಥೆಗಳದೇ ಒಂದು ಪುಸ್ತಕ ಬರುತ್ತಿದೆ, ಇನ್ನೂ ಒಂದೆರಡು ಕಥೆ ಬೇಕು, ಆದರೆ ಏನೂ ಹೊಳೆಯುತ್ತಿಲ್ಲ ಎಂದು ತಾವಾಗಿಯೇ ಹೇಳಿಕೊಂಡರು.

ಅಂದಿನಿಂದ ನಾನು ಎರಡನೆಯ ಕಥೆಗೆ ಕೂತೆ. ಮೊದಲನೆಯದನ್ನು ಪ್ರೀತಿಯಿಂದ ಬರೆದಿದ್ದೆ, ಇದನ್ನು ದ್ವೇಷದಿಂದ ಬರೆದೆ. ಇದೇ ಚಲೋ ಆಯಿತು. ಜಾಗ ನೋಡಲೆಂದೇ ಒಂದು ದಿನ ಬಾದಾಮಿಗೆ ಹೋಗಿ, ಅಲ್ಲಿಂದ ಮಹಾಕೂಟಕ್ಕೆ ಹೋಗಿ, ಹೊಂಡದ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತು ಬಂದೆ.

ಕಥೆ ಹೀಗಿತ್ತು. ಪತ್ತೇದಾರಳು ಮತ್ತೆ ನನ್ನ ಖಾನಾವಳಿಯವಳೇ, ದೇವರಿಗೆಂದು ಮಹಾಕೂಟಕ್ಕೆ ಬಂದಿರುತ್ತಾಳೆ. ಬಾದಾಮಿಯ ಒಬ್ಬ ಶ್ರೀಮಂತ ವ್ಯಾಪಾರಿ ತನ್ನ ಮನೆಮಂದಿಯನ್ನು ಕರೆದುಕೊಂಡು ಮಹಾಕೂಟಕ್ಕೆ ಬಂದು ಉಳಿಯುತ್ತಾನೆ. ಹೆಂಡತಿ, ಮಕ್ಕಳು, ಅಣ್ಣನ ಮಗನಾದ ಒಬ್ಬ ದುಂದುಗಾರ, ಮತ್ತೆ ಮದುವೆಯಿಲ್ಲದೆ ಆ ಮನೆಯಲ್ಲೇ ಮುದುಕಿಯಾದ ಅವನ ತಂಗಿ. ಬೆಳಿಗ್ಗೆ ವ್ಯಾಪಾರಿಯ ಹೆಣ ಹೊಂಡದಲ್ಲಿ ಸಿಗುತ್ತದೆ. ಎಲ್ಲರ ಕಣ್ಣೂ ಅಣ್ಣನ ಮಗನ ಮೇಲೆ. ಆದರೆ ನಾನು ಇಟ್ಟ ಸುಳಿವುಗಳು ಬೇರೆ. ವ್ಯಾಪಾರಿ ತನ್ನ ಚಷ್ಮಾವನ್ನು ಎಂದೂ ಮಡಚದವನು, ಕಂಡಕಂಡಲ್ಲಿ ಹಾಗೇ ಬಿಸಾಡುವವನು. ಹೆಂಡತಿ ಅದಕ್ಕಾಗಿ ಬೈಯುತ್ತಾಳೆ. ಅವನು ಸತ್ತ ಹೊಂಡದ ಮೆಟ್ಟಿಲ ಮೇಲೆ ಆ ಚಷ್ಮಾವನ್ನು ಯಾರೋ ಮಡಚಿ, ಡಬ್ಬಿಯೊಳಗೆ ಇಟ್ಟಿರುತ್ತಾರೆ. ತಂಗಿ ಎಂಥವಳು? ಇನ್ನೊಬ್ಬರು ಓದಿ ಬಿಟ್ಟ ಪೇಪರ್ ಮಡಚುವವಳು, ಹೊದ್ದು ಬಿಟ್ಟ ಕೌದಿ ಮಡಚುವವಳು, ಜೀವಮಾನವೆಲ್ಲ ಬೇರೆಯವರು ಹರವಿದ್ದನ್ನು ಮಡಚಿಟ್ಟವಳು. ಮತ್ತೊಂದು: ಬೆಳಗಿನ ಫಳಾರಕ್ಕೆ ಪತ್ರಾವಳಿ ಹಾಕಿದವಳು ಅವಳು, ಒಂದು ಕಡಿಮೆ ಹಾಕಿದ್ದಳು. ಆಗ ವ್ಯಾಪಾರಿ ಸತ್ತದ್ದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಅವಳ ಕಾರಣವನ್ನೂ ತೆಳ್ಳಗೆ ಇಟ್ಟಿದ್ದೆ. ಮದುವೆಯ ಮಾತು ಬಂದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಾಳೆ. ಹರೆಯದಲ್ಲಿ ಗೊತ್ತಾಗಿದ್ದ ಮದುವೆಯನ್ನು, ಮನೆಗೆಲಸಕ್ಕೆ ಜನ ಬೇಕೆಂದು ಈ ವ್ಯಾಪಾರಿ ಅಣ್ಣನೇ ತಪ್ಪಿಸಿದ್ದ ಎಂಬುದು ಕೊನೆಯ ಭಾಗದಲ್ಲಿ ಬರುತ್ತದೆ. ಆ ಕೊನೆಯ ಭಾಗವನ್ನು ನಾನು ಸರ್‌ಗೆ ಕೊಡಲಿಲ್ಲ. ಕೊನೆ ಇನ್ನೂ ಹೊಳೆದಿಲ್ಲ, ನೀವೇ ಹೇಳಿ, ಯಾರು ಕೊಂದಿರಬಹುದು ಎಂದು ಕೇಳಿ ಉಳಿದ ಹಾಳೆಗಳನ್ನು ಕೈಗಿಟ್ಟೆ. ಅವರು ಅಲ್ಲೇ ಕೂತು ಕಣ್ಣಾಡಿಸಿ, ಇದರಲ್ಲಿ ಏನಿಲ್ಲ, ಇರಲಿ ನೋಡೋಣ ಎಂದರು. ಮುಂದಿನ ಭಾನುವಾರಗಳಲ್ಲಿ ನಾನು ಆ ಹಾಳೆಗಳ ಸುದ್ದಿ ಎತ್ತಲಿಲ್ಲ. ಅವರೂ ಎತ್ತಲಿಲ್ಲ.

ಪುಸ್ತಕ ಬಂತು. ಬಿಡುಗಡೆಗೆ ಕೂಟದವರಿಗೆಲ್ಲ ಕರೆ. ಬಿಡುಗಡೆಯ ಮುಂಚೆಯೇ ಔಷಧದಂಗಡಿಯವನ ಹತ್ತಿರ ಒಂದು ಪ್ರತಿ ಇಸಿದುಕೊಂಡು ಓದಿದೆ. ನನ್ನ ಕಥೆ ಅದರಲ್ಲಿತ್ತು. ಖಾನಾವಳಿಯವಳು ಮತ್ತೆ ಇನ್ಸ್‌ಪೆಕ್ಟರ್ ಆಗಿದ್ದಳು. ಕೊಂದವನು ಅಣ್ಣನ ಮಗ. ಚಷ್ಮಾ, ಪತ್ರಾವಳಿ ಎಲ್ಲ ಹಾಗೇ ಇದ್ದವು, ಅವು ಯಾಕಿವೆ ಎಂದು ಅವರಿಗೆ ತಿಳಿದೇ ಇರಲಿಲ್ಲ. ನಡುವಿನ ಒಂದು ಪುಟದಲ್ಲಿ ನಾನೂ ಎಣಿಸಿರದ ಇನ್ನೊಂದು ಸಾಲು ಸಿಕ್ಕಿತು. ಅದಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು, ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡೆ.

ಬಾಗಲಕೋಟೆಯ ಸಭಾಭವನ ತುಂಬಿತ್ತು. ಶಾಲು, ಹಾರ, ಫಲತಾಂಬೂಲ ಎಲ್ಲ ಆಯಿತು. ಸರ್ ಮಾತಾಡುತ್ತ, ಪತ್ತೇದಾರಿ ಕಥೆಯಲ್ಲಿ ಸುಳಿವು ಓದುಗನ ಕಣ್ಣ ಮುಂದೇ ಇರಬೇಕು, ಇದ್ದೂ ಕಾಣಬಾರದು ಎಂದರು. ನನ್ನ ಮಾತು. ಚಪ್ಪಾಳೆ ಬಿತ್ತು. ನನ್ನೊಳಗೆ ಎಲ್ಲೋ ಸ್ವಲ್ಪ ಅಳುಕು ಉಳಿದಿದ್ದರೆ ಅದು ಆ ಚಪ್ಪಾಳೆಗೆ ಹೋಯಿತು. ನಿರೂಪಕರು, ಓದಿದವರು ಯಾರಾದರೂ ಪ್ರಶ್ನೆ ಕೇಳಬಹುದು ಎಂದು ಹೇಳಿದಾಗ ನಾನು ಎದ್ದು ನಿಂತೆ.

‘ಸರ್, ಮಹಾಕೂಟದ ಕಥಿಯೊಳಗ ಒಂದು ಮಾತು ತಿಳೀಲಿಲ್ರಿ. ಚಷ್ಮಾ ಮಡಚಿ ಡಬ್ಬಿಯೊಳಗ ಇಟ್ಟವರು ಯಾರ್ರಿ?’

ಸತ್ತವರೇ ಇಟ್ಟುಕೊಂಡಿರುತ್ತಾರೆ ಎಂದರು ಸರ್, ನಗುತ್ತ. ಆತ ಎಂದೂ ಚಷ್ಮಾ ಮಡಚುವವನಲ್ಲ ಎಂದು ನೀವೇ ಮೊದಲು ಬರೆದಿದ್ದೀರಲ್ಲ ಎಂದೆ. ಹಾಗಾದರೆ ಅಣ್ಣನ ಮಗ ಮಡಚಿರಬಹುದು ಎಂದರು. ಕೊಲೆ ಮಾಡಿ ಓಡುವವನು ಚಷ್ಮಾ ಯಾಕೆ ಮಡಚುತ್ತಾನೆ ಎಂದು ನಾನು ಕೇಳಲಿಲ್ಲ. ಸಭಿಕರ ಮುಖಗಳು ಆಗಲೇ ಅತ್ತಿತ್ತ ತಿರುಗುತ್ತಿದ್ದವು.

‘ಇರ್ಲಿ ಬಿಡ್ರಿ. ಹೆಣ ಇನ್ನೂ ಸಿಕ್ಕಿದ್ದಿಲ್ಲ. ಹಂಗಿದ್ದಾಗ ತಂಗಿ ಒಂದು ಪತ್ರಾವಳಿ ಯಾಕ ಕಡಿಮಿ ಹಾಕಿದ್ಲು?’

ಸರ್ ನೀರಿನ ಲೋಟ ಎತ್ತಿಕೊಂಡರು. ಮುಂದಿನ ಸಾಲಿನಲ್ಲಿ ಯಾರದೋ ಮನೆಯ ಹಿರಿಯಾಕೆ ಕೂತಿದ್ದಳು, ಪುಸ್ತಕ ಓದಿದವಳೂ ಅಲ್ಲ. ಪಕ್ಕದವಳಿಗೆ ಹೇಳಿದ್ದು ಇಡೀ ಭವನಕ್ಕೆ ಕೇಳಿಸಿತು: ‘ಮತ್ತೇನವಾ, ತಂಗೀನ ಅಣ್ಣನ್ನ ಕೊಂದಾಳ.’

ಒಂದು ಗುಸುಗುಸು ಹಿಂದಿನ ಸಾಲಿನವರೆಗೂ ಹೋಯಿತು. ಸರ್ ಲೋಟ ಕೆಳಗಿಟ್ಟು, ಲೇಖಕನಿಗೂ ಸ್ವಾತಂತ್ರ್ಯ ಇರುತ್ತದೆ, ಎಲ್ಲ ವಿವರಕ್ಕೂ ಅರ್ಥ ಹುಡುಕಬಾರದು ಎಂದು ಪುಸ್ತಕದ ಭಾಷೆಯಲ್ಲಿ ಹೇಳತೊಡಗಿದರು. ನಾನು ಚೀಲದಿಂದ ಪುಸ್ತಕ ತೆಗೆದು, ಗೆರೆ ಎಳೆದ ಸಾಲನ್ನು ಸಾಲೆಯಲ್ಲಿ ಪಾಠ ಓದುವ ದನಿಯಲ್ಲಿ ಓದಿದೆ. ‘ನಿವೃತ್ತ ಇನ್ಸ್‌ಪೆಕ್ಟರು ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತರು.’

ಮೊದಲು ಒಬ್ಬರು ನಕ್ಕರು. ಆಮೇಲೆ ಭವನವೇ ನಕ್ಕಿತು. ವೇದಿಕೆಯ ಮೇಲಿದ್ದ ಮುಖ್ಯ ಅತಿಥಿಯೂ ಶಾಲಿನಿಂದ ಬಾಯಿ ಮುಚ್ಚಿಕೊಂಡರು. ಸರ್ ಮುಖ ನಾನು ಎಷ್ಟೋ ಸಲ ಮನಸ್ಸಿನಲ್ಲಿ ಬರೆದುಕೊಂಡಿದ್ದ ಹಾಗೆಯೇ ಆಯಿತು, ಕಿವಿಯವರೆಗೂ ಬಣ್ಣ ಇಳಿಯಿತು.

‘ಕಥಿ ನಂದ್ರಿ ಸರ್. ಕೊನಿ ನನ್ನ ಹತ್ರ ಐತಿ’ ಎಂದೆ. ‘ಹಿಟ್ಟು ಕದ್ದರೂ ರೊಟ್ಟಿ ಬಡಿಯಾಕ ಬರಬೇಕಲ್ರಿ.’

ಕೂತುಕೊಳ್ಳಲಿಲ್ಲ. ಹಾಗೇ ಹೊರಗೆ ನಡೆದು ಬಸ್ ನಿಲ್ದಾಣಕ್ಕೆ ಬಂದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಅವ್ವನಿಗೆ ಕರದಂಟು ಕೊಂಡೆ. ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದರೆ ಅವ್ವ, ಅವನ ಮುಖ ಹೇಗಾಗಿತ್ತು ಅದನ್ನು ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಮರುದಿನವೂ ಹೇಳಿಸಿದಳು.

ಕೂಟ ಅಲ್ಲಿಗೆ ಮುಗಿಯಿತು. ಬ್ಯಾಂಕಿನವರು ಫೋನ್ ಮಾಡಿ, ವಯಸ್ಸಿಗಾದರೂ ಮರ್ಯಾದೆ ಕೊಡಬೇಕಿತ್ತು, ಒಬ್ಬರೇ ಇದ್ದಾಗ ಹೇಳಬಹುದಿತ್ತು ಎಂದರು. ಒಬ್ಬರೇ ಇದ್ದಾಗ ಹೇಳಿದ್ದೆ, ಚಹಾ ಕೊಟ್ಟರು ಎಂದೆ. ಪೇಪರಿನಲ್ಲಿ ಸಮಾರಂಭ ವಿಜೃಂಭಣೆಯಿಂದ ನಡೆಯಿತು ಎಂದು ಬಂತು. ಆದರೆ ಕಾಲೇಜಿನ ಹುಡುಗರ ಬಾಯಲ್ಲಿ ಸರ್ ಹೆಸರು ‘ಸೆರಗಿನ ಇನ್ಸ್‌ಪೆಕ್ಟರ್’ ಎಂದಾಯಿತು. ವೇದಿಕೆಯ ಮೇಲಿನ ಕುರ್ಚಿಗೆ ಬೇರೆಯವರು ಬಂದರು. ನನಗೆ ಮರುಕ ಬರುತ್ತದೇನೋ ಎಂದು ಕೆಲವು ದಿನ ನನ್ನನ್ನೇ ನೋಡಿಕೊಂಡೆ. ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಮ್ಮೆ ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಅವರ ಹೆಂಡತಿ ಸಿಕ್ಕರು. ಕಲಾದಗಿ ಅವರ ತವರು, ಆ ಬಸ್ಸಿಗೆ ಕಾಯುತ್ತಿದ್ದರು. ನಾನು ತಪ್ಪಿಸಿಕೊಂಡು ಹೋಗಬೇಕು ಎನ್ನುವಷ್ಟರಲ್ಲಿ, ಬರ್ರಿ ಅಕ್ಕಾರ, ಕುಂಡ್ರಿ ಎಂದು ಕಲ್ಲುಬೆಂಚಿನ ಮೇಲೆ ಜಾಗ ಮಾಡಿದರು. ಕೂತೆ. ಏನು ಕೇಳಿಸಿಕೊಳ್ಳಬೇಕಾಗುತ್ತದೋ ಎಂದು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಅವರು ಬಸ್ಸು ಬರುವ ದಾರಿಯನ್ನೇ ನೋಡುತ್ತ ನಿಧಾನವಾಗಿ ಹೇಳಿದರು. ಸರ್ ಆ ಕಥೆಯ ಕೊನೆ ಬರೆಯುವಾಗ, ಯಾರು ಕೊಂದಿರಬೇಕು ಎಂದು ಇವರನ್ನೂ ಕೇಳಿದ್ದರಂತೆ. ಇವರು ತಂಗಿ ಎಂದಿದ್ದರಂತೆ. ಅವಳಿಗೆ ಏನು ಕಡಿಮೆಯಾಗಿತ್ತು, ಎರಡು ಹೊತ್ತು ಊಟ, ತಲೆಯ ಮೇಲೆ ಸೂರು, ಅವಳು ಯಾಕೆ ಕೊಲ್ಲುತ್ತಾಳೆ ಎಂದು ಸರ್ ನಕ್ಕುಬಿಟ್ಟರಂತೆ.

‘ಅವರ ಕಣ್ಣು ಈಗ ಮಂಜಾಗ್ಯಾವು. ಪ್ರೂಫ್ ನೋಡಿದಾಕಿ ನಾನ’ ಎಂದರು. ‘ಆ ಸೆರಗು ನನಗ ಕಂಡಿತ್ರಿ.’

ನಾನು ಅವರ ಮುಖ ನೋಡಿದೆ. ತಿದ್ದಲಿಲ್ಲವೇ ಎಂದು ಕೇಳಿದೆ.

‘ಇಲ್ರಿ’ ಎಂದರು. ಬಸ್ಸು ಬಂತು. ಚೀಲ ಎತ್ತಿಕೊಂಡು, ಜಾಗ ಹಿಡಿಯಲು ಮುಂದೆ ಹೋದರು. ಕಿಟಕಿಯ ಪಕ್ಕ ಕೂತು ಒಮ್ಮೆ ಕೈ ಎತ್ತಿದರು.

ಈಗ ನನ್ನ ಖಾನಾವಳಿಯವಳ ಕಥೆಗಳು ಅಲ್ಲಲ್ಲಿ ನನ್ನ ಹೆಸರಿನಲ್ಲೇ ಅಚ್ಚಾಗುತ್ತಿವೆ. ಅಚ್ಚಿಗೆ ಕಳಿಸುವ ಮೊದಲು ಅವ್ವನ ಮುಂದೆ ಓದುತ್ತೇನೆ, ಇನ್ಯಾರ ಕೈಗೂ ಹಾಳೆ ಕೊಡುವುದಿಲ್ಲ. ಸರ್ ಆತ್ಮಕಥೆ ಬರೆಯುತ್ತಿದ್ದಾರಂತೆ, ಪ್ರೂಫ್ ಹೆಂಡತಿಯೇ ನೋಡುತ್ತಾರಂತೆ, ಔಷಧದಂಗಡಿಯವನು ಹೇಳಿದ. ಬಂದ ದಿನವೇ ಒಂದು ಪ್ರತಿ ತೆಗೆದಿಡಲು ಹೇಳಿದ್ದೇನೆ.